ಎರಡು ಕರೆಂಟಿನ ಗಾಡಿ

ನಮ್ಮ ಅಡುಗೆಮನೆಯ ಮೂಲೆಯಲ್ಲಿ ಉಪ್ಪಿನಕಾಯಿ ಭರಣಿ ನೆಲದ ಮೇಲೆ ಕುಳಿತಿಲ್ಲ, ಒಂದು ತಗಡಿನ ಪೆಟ್ಟಿಗೆಯ ಮೇಲೆ ಕುಳಿತಿದೆ. ಬೂದು ಬಣ್ಣದ ಪೆಟ್ಟಿಗೆ. ಮುಂದೆ ಎರಡು ಪುಟ್ಟ ದೀಪಗಳಿದ್ದ ತೂತು, ಒಂದು ಮಗ್ಗುಲಿಗೆ ಸುಟ್ಟ ಕಪ್ಪು ಕಲೆ. ಮನೆಗೆ ಹೊಸದಾಗಿ ಬಂದವರು ಯಾರಾದರೂ "ಇದೇನ್ರಿ?" ಎಂದು ಕೇಳಿದರೆ ನನ್ನ ಹೆಂಡತಿ ತಡಮಾಡದೆ "ನಮ್ಮ ಮನಿಯವರ ವಿದ್ಯಾರಿ ಅದು" ಎನ್ನುತ್ತಾಳೆ. ನಾನು ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದುಕೊಳ್ಳುತ್ತೇನೆ. ಅದು ಒಂದು ಕಾಲಕ್ಕೆ ಇನ್ವರ್ಟರ್ ಆಗಿತ್ತು. ಎಷ್ಟು ಕಾಲ ಎಂದು ಮಾತ್ರ ನೀವು ಕೇಳಬಾರದು.

ತೊಂಬತ್ತರ ದಶಕದ ಆರಂಭದ ಮಾತು, ನನಗಿನ್ನೂ ಮದುವೆಯಾಗಿರಲಿಲ್ಲ. ನಮ್ಮ ಮನೆ ಏಕಸಂಬಿಯಲ್ಲಿ, ನನ್ನ ಅಂಗಡಿ ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ. ಬ್ಯಾಟರಿ ಚಾರ್ಜ್ ಮಾಡಿಕೊಡುವುದು, ಮದುವೆಗಳಿಗೆ ಮೈಕ್ ಸೆಟ್ಟು ಮತ್ತು ಜನರೇಟರ್ ಬಾಡಿಗೆಗೆ ಕೊಡುವುದು, ರೇಡಿಯೋ ಬಿಚ್ಚುವುದು. ರಿಪೇರಿ ಮಾಡುವುದು ಎಂದು ಬರೆದಿಲ್ಲ, ಬಿಚ್ಚುವುದು ಎಂದೇ ಬರೆದಿದ್ದೇನೆ, ಗಮನಿಸಿ. ಈ ವಿದ್ಯೆಯನ್ನು ನಾನು ಅಂಚೆಯ ಮೂಲಕ ಕಲಿತವನು. ಪಾಠಗಳು ಒಂದೊಂದಾಗಿ ಬರುತ್ತಿದ್ದವು, ನಾನು ಒಂದನ್ನು ಬಿಟ್ಟು ಒಂದನ್ನು ಓದುತ್ತಿದ್ದೆ. ಆಗ ನಮ್ಮ ಕಡೆ ಕರೆಂಟು ಹೋದರೆ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ, ಬಂದರೆ ಎಲ್ಲರೂ ಎದ್ದು ಕಬ್ಬಿಗೆ ನೀರು ಬಿಡಲು ಪಂಪ್‌ಸೆಟ್ಟಿನ ಕಡೆ ಓಡುತ್ತಿದ್ದರು. ಹಾಗಾಗಿ ನನ್ನಂಥ ಅರ್ಧ ಓದಿದವನಿಗೂ ಊರಲ್ಲಿ 'ಕರೆಂಟಿನ ಜಿನ್ನಪ್ಪ' ಎಂದು ದೊಡ್ಡ ಹೆಸರಿತ್ತು.

ಈ ಹುಚ್ಚು ನನಗೆ ಹುಟ್ಟಾ ಬಂದದ್ದು. ಸಣ್ಣವನಿದ್ದಾಗ ಆಯಿ, ಅಂದರೆ ನನ್ನ ಅಪ್ಪನ ತಾಯಿ, ಬೆಳಕು ಹರಿಯುವ ಮೊದಲೇ ಎದ್ದು ಜೋಳ ಬೀಸಲು ಕೂಡುತ್ತಿದ್ದಳು. ಕಲ್ಲು ಸುಮ್ಮನೆ ತಿರುಗಿ ಹಾಳಾಗುತ್ತಿದೆಯಲ್ಲ ಎಂದು ನನಗೆ ಸಂಕಟ. ಅಣ್ಣನ ಸೈಕಲ್ಲಿನ ಡೈನಮೋ ಕಿತ್ತು ತಂದು ಬೀಸುಕಲ್ಲಿನ ಅಂಚಿಗೆ ತಾಗುವಂತೆ ಕಟ್ಟಿದೆ, ಸೈಕಲ್ಲಿನ ಬಲ್ಬನ್ನು ಗೂಟಕ್ಕೆ ನೇತುಹಾಕಿದೆ. ಆಯಿ ಬೀಸಿದರೆ ಬಲ್ಬು ಕೆಂಪಗೆ ಮಿಣುಕುತ್ತಿತ್ತು, ಜೋರಾಗಿ ಬೀಸಿದರೆ ಒಂದಿಷ್ಟು ಬೆಳ್ಳಗಾಗುತ್ತಿತ್ತು. "ಆಯಿ, ಜೋರ ಬೀಸ, ಅಕ್ಷರಾ ಕಾಣವಲ್ಲವು" ಎಂದು ನಾನು ಮಗ್ಗಿ ಪುಸ್ತಕ ಹಿಡಿದು ಕೂಗುವುದು, ಆಯಿ ಏದುಸಿರು ಬಿಡುತ್ತ ಬೀಸುವುದು. ಎರಡು ದಿನಕ್ಕೆ ಬೇಕಾದ ಹಿಟ್ಟಿನ ಬದಲು ವಾರಕ್ಕಾಗುವಷ್ಟು ಹಿಟ್ಟು ಬಿದ್ದಿತು, ಆಯಿಯ ರಟ್ಟೆ ಬಾತುಕೊಂಡಿತು. ಅಪ್ಪ ಡೈನಮೋ ಕಿತ್ತು ನನಗೆರಡು ಕೊಟ್ಟರೂ ಆಯಿ ಮಾತ್ರ ಮಂದಿಯ ಮುಂದೆ "ನಮ್ಮ ಜಿನ್ನ್ಯಾ ಜ್ವಾಳದಿಂದ ಬೆಳಕ ತಗದಾನ್ರೀ" ಎಂದು ಹೇಳಿಕೊಂಡು ತಿರುಗಿದಳು. ನನ್ನನ್ನು ಕೆಡಿಸಿದ್ದು ಯಾರು ಎಂದು ನಿಮಗೀಗ ಗೊತ್ತಾಗಿರಬೇಕು.

ಆ ಆಯಿಯ ಎರಡೂ ಕಣ್ಣಿಗೆ ಪೊರೆ ಬಂತು. ಬರಬರುತ್ತ ಎಷ್ಟಾಯಿತೆಂದರೆ ಬೆಳಕು ಇದೆಯೋ ಇಲ್ಲವೋ ಅಷ್ಟು ಮಾತ್ರ ತಿಳಿಯುತ್ತಿತ್ತು, ನಮ್ಮನ್ನೆಲ್ಲ ಚಪ್ಪಲಿ ಸಪ್ಪಳದ ಮೇಲೆ ಗುರುತು ಹಿಡಿಯುತ್ತಿದ್ದಳು. ಮಿರಜಿಗೆ ಕರೆದೊಯ್ದು ತೋರಿಸಿದೆವು. ಡಾಕ್ಟರು "ಆಪರೇಷನ್ ಮಾಡಿದ್ರ ಕಾಣತೈತಿ, ಒಂದಿಷ್ಟ ದಿನಾ ಇಲ್ಲೇ ಇರಬೇಕಾಗತೈತಿ" ಎಂದರು. ಆಯಿ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಸಾಫ್ ಹೇಳಿಬಿಟ್ಟಳು: "ಪರರ ಕೈಯಾಂದು ಉಣ್ಣೂದಕ್ಕಿಂತ ಕಣ್ಣಿಲ್ಲದ ಇರೂದು ಛಲೋ."

ನಾವು ಜೈನರು. ಮನೆಯಲ್ಲಿ ನಮ್ಮದೆಲ್ಲ ಸಡಿಲ, ಆಯಿಯದು ಮಾತ್ರ ಬಿಗಿ. ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿಯಬೇಕು, ಮನೆಯಲ್ಲಿ ಬೀಸಿದ ಹಿಟ್ಟೇ ಆಗಬೇಕು, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಮುಳುಗಿದ ಮೇಲೆ ಹನಿ ನೀರೂ ಇಲ್ಲ. ಇಂಥ ಹೆಂಗಸನ್ನು ದವಾಖಾನೆಯಲ್ಲಿ ಹೇಗೆ ಇಡುವುದು? ಅಣ್ಣ ಹೇಳಿ ಸೋತ, ಅಪ್ಪ ಗದರಿ ಸೋತ.

ಕಡೆಗೆ ಅವಳ ಮನಸ್ಸು ತಿರುಗಿದ್ದು ನಮ್ಮ ಮಾತಿನಿಂದಲ್ಲ. ಒಂದು ದಿನ ಆಯಿ ಬೀಸಿದ ಹಿಟ್ಟನ್ನು ಜರಡಿ ಹಿಡಿಯುತ್ತಿದ್ದ ವೈನಿ, ಅಂದರೆ ನನ್ನ ಅತ್ತಿಗೆ, "ಅಯ್ಯ, ಹುಳಾ ಆಗಿದ್ದೂ ಜ್ವಾಳಾ" ಎಂದು ಬಾಯಿ ತಪ್ಪಿ ಅಂದುಬಿಟ್ಟಳು. ಆಯಿಯ ಕಣ್ಣು ಹೋಗಿತ್ತೇ ಹೊರತು ಕಿವಿ ಚೆನ್ನಾಗಿಯೇ ಇತ್ತು. ಒಂದು ಇರುವೆ ಅಡ್ಡ ಬಂದರೆ ಅದು ದಾಟುವವರೆಗೆ ನಿಲ್ಲುವ ಜೀವ ಅದು. ಕಲ್ಲಿನ ಗೂಟ ಬಿಟ್ಟು, ಸೆರಗು ಬಾಯಿಗೆ ಹಿಡಿದು ಅತ್ತಳು. "ಕಾಣಲಾರದ ಎಷ್ಟ ಜೀವಾ ಅರದ್ನೋ ಏನೋ" ಎಂದು ಅದನ್ನೇ ಹೇಳಿ ಹೇಳಿ ಅತ್ತಳು. ಅಂದಿನಿಂದ ಬೀಸುವುದನ್ನು ಬಿಟ್ಟಳು, ಅಂಗಳದಲ್ಲಿ ಕಾಲಿಡಲೂ ಅಂಜುತ್ತಿದ್ದಳು. ಅದನ್ನು ನೋಡಲು ನಮಗೆ ಆಗುತ್ತಿರಲಿಲ್ಲ.

ನಾಲ್ಕು ದಿನದ ಮೇಲೆ ಎಲ್ಲರನ್ನೂ ಕೂಡಿಸಿ ಹೇಳಿದಳು: "ಮಿರಜಿಗೆ ಬರ್ತೀನಿ. ಆದ್ರ ನನ್ನ ಅಡಗಿಮನಿ ನನ್ನ ಸಂಗಾಟ ಬರಬೇಕು. ಹೊತ್ತ ಮುಳಗೂದ್ರಾಗ ನನ್ನ ಊಟಾ ಒಂದ ಸಲಾ ತಪ್ಪತಂದ್ರ, ಅಲ್ಲಿಂದನ ತಿರಿಗಿ ಮನಿಗೆ. ಮತ್ತ ಕಣ್ಣಿನ ಮಾತ ಯಾರೂ ತಗೀಬಾರದು."

ಅಣ್ಣನ ಹತ್ತಿರ ಮದುವೆಯ ದಿಬ್ಬಣಕ್ಕೆಂದು ಕೊಂಡ ಒಂದು ಹಳೆಯ ಮಿನಿಬಸ್ಸಿತ್ತು. ಸೀಟು ಕಿತ್ತರೆ ಅದೇ ಮನೆ. ಒಂದು ಬದಿಗೆ ಆಯಿಗೆ ಮಂಚ, ಒಂದು ಬದಿಗೆ ಅಡುಗೆಯ ಕಟ್ಟೆ, ಹಿಂದೆ ನೀರಿನ ತಾಮ್ರದ ಹಂಡೆ. ದವಾಖಾನೆಯವರು ಕಾಂಪೌಂಡಿನ ಬೇವಿನ ಮರದ ಕೆಳಗೆ ನಿಲ್ಲಿಸಿಕೊಳ್ಳಲು ಒಪ್ಪಿದರು. ನೋಡಿ, ಇಷ್ಟಕ್ಕೇ ಕೆಲಸ ಮುಗಿದಿತ್ತು. ಆಯಿಗೆ ಬೇಕಾದದ್ದು ಒಂದು ಸೀಮೆಎಣ್ಣೆ ಸ್ಟೋ, ಒಂದು ಹಂಡೆ ನೀರು, ಒಂದು ಚೀಲ ಜೋಳದ ಹಿಟ್ಟು. ಕರೆಂಟು ಬೇಕಾಗಿದ್ದದ್ದು ನನಗೆ.

ಅಂಗಡಿಯ ಜನರೇಟರನ್ನು ತಂದು ಗಾಡಿಯ ಹಿಂದೆ ಕಬ್ಬಿಣದ ತೊಟ್ಟಿಲು ಮಾಡಿ ಕೂರಿಸಿದೆ. ಪೆಟ್ರೋಲಿನ ಮೇಲೆ ಶುರುವಾಗಿ ಸೀಮೆಎಣ್ಣೆಯ ಮೇಲೆ ಓಡುವ, ಹಗ್ಗ ಜಗ್ಗಿ ಎಬ್ಬಿಸಬೇಕಾದ ಯಂತ್ರ ಅದು. ಅದು ಸಾಲದೆಂದು ಇನ್ವರ್ಟರ್. ಆಗ ನಿಪ್ಪಾಣಿಯ ತಂಬಾಕು ವ್ಯಾಪಾರಿಗಳ ಮನೆಯಲ್ಲಷ್ಟೇ ಇನ್ವರ್ಟರ್ ಇರುತ್ತಿತ್ತು. ಅಲ್ಲಿ ಒಂದರ ಮುಚ್ಚಳ ತೆಗೆದು ಇಣುಕಿ ನೋಡಿ, ಮತ್ತೆ ಮುಚ್ಚಿ, ಎಲ್ಲ ತಿಳಿಯಿತು ಎಂದು ಮನೆಗೆ ಬಂದು ನನ್ನದೇ ಒಂದನ್ನು ಕಟ್ಟಿದೆ. ನನ್ನ ಯೋಜನೆ ಹೀಗಿತ್ತು: ಗಾಡಿ ಓಡುವಾಗ ಬ್ಯಾಟರಿಯಿಂದ ಇನ್ವರ್ಟರ್ ನಡೆದು ಆಯಿಗೆ ಫ್ಯಾನು, ಟ್ಯೂಬ್‌ಲೈಟು. ಗಾಡಿ ನಿಂತಾಗ ಜನರೇಟರ್ ಎದ್ದು ಕರೆಂಟಿನ ಒಲೆ, ಜತೆಗೆ ಬ್ಯಾಟರಿಗೂ ಚಾರ್ಜು. ಕರೆಂಟಿನ ಒಲೆಗೆ ಆಯಿ ಏನನ್ನುತ್ತಾಳೋ ಎಂದು ಅಂಜಿಕೆಯಿತ್ತು. ಅವಳು ಅದರ ಸುರುಳಿಯನ್ನು ಬೆರಳಿನಿಂದ ಮುಟ್ಟಿ ನೋಡಿ, "ಉರಿ ಇಲ್ಲೇನು? ಛಲೋ ಆತು ಬಿಡು, ಹುಳಾ ಹಾರಿ ಬಂದ ಬೀಳಾಂಗಿಲ್ಲ" ಎಂದು ಪಾಸು ಮಾಡಿದಳು. ನಾನು ಉಬ್ಬಿಹೋದೆ.

ವೈನಿ ಮಾತ್ರ ಒಂದೇ ಮಾತು ಹಿಡಿದಿದ್ದಳು. "ಜಿನ್ನಪ್ಪಾ, ಆ ಸ್ಟೋ ಒಂದ ಇರ್ಲಿ. ಮೂಲ್ಯಾಗ ಬಿದ್ದಿರತೈತಿ, ನಿನಗೇನ ಅನ್ನತೈತಿ?"

"ಜಾಗಾ ಎಲ್ಲೈತಿ ವೈನಿ? ಅಲ್ಲಿ ಬ್ಯಾಟರಿ ಕೂಡಬೇಕು" ಎಂದೆ. "ಎರಡೆರಡ ಕರೆಂಟ ಇಟ್ಟೀನಿ. ಒಂದ ಹ್ವಾದ್ರ ಒಂದ ಇರತೈತಿ. ಎರಡೂ ಕೂಡೇ ಹೋಗತಾವೇನು?"

ಈ ಮಾತನ್ನು ನೆನಪಿಸಿಕೊಂಡಾಗಲೆಲ್ಲ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಎರಡು ಕರೆಂಟುಗಳ ನಡುವೆ ಒಂದು ದೊಡ್ಡ ಹಿಡಿಕೆಯ ಸ್ವಿಚ್ಚು ಇಟ್ಟಿದ್ದೆ. ಮೇಲೆತ್ತಿದರೆ ಜನರೇಟರ್, ಕೆಳಗೆಳೆದರೆ ಇನ್ವರ್ಟರ್. ಎರಡೂ ಒಂದನ್ನೊಂದು ಮುಟ್ಟದಂತೆ ನೋಡಿಕೊಳ್ಳುವುದೇ ಅದರ ಕೆಲಸ. ಹಿಡಿಕೆ ಮೇಲಿಂದ ಕೆಳಗೆ ಬರುವಾಗ ನಡುವೆ ಒಂದು ಉಸಿರಿನಷ್ಟು ಹೊತ್ತು ಏನೂ ಇರುವುದಿಲ್ಲ. ದೀಪ ಆರುತ್ತದೆ, ಹತ್ತುತ್ತದೆ. ನಮ್ಮ ಮನೆಯಲ್ಲಿ ದೀಪ ಹತ್ತಿತೆಂದರೆ ಏನಾಗುತ್ತದೆ ಎಂಬುದು ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ನಿಮ್ಮ ಮನೆಯಲ್ಲೂ ಹಿರಿಯರು ಹೀಗೆಯೇ ಮಾಡುತ್ತಿದ್ದಿರಬೇಕು: ಸಂಜೆ ದೀಪ ಹತ್ತಿದ ಕೂಡಲೇ ಕೈಯಲ್ಲಿದ್ದ ಕೆಲಸ ಬಿಟ್ಟು ಬೆಳಕಿಗೆ ಕೈಮುಗಿಯುವುದು. ಕರೆಂಟು ಬಂದ ಮೇಲೆ ಆ ನಮಸ್ಕಾರ ಬಲ್ಬಿಗೆ ವರ್ಗವಾಯಿತು. ಆಯಿ ಸ್ವಿಚ್ಚಿನ ಬೆಳಕು, ದೇವರ ಬೆಳಕು ಎಂದು ಭೇದ ಮಾಡಿದವಳಲ್ಲ.

ಗಾಡಿ ತಯಾರಾದ ಸುದ್ದಿ ತಿಳಿದು ಏಕಸಂಬಿಯ ಮಂದಿ ಅಷ್ಟೇ ಅಲ್ಲ, ಸದಲಗಾದ ನೆಂಟರೂ ನೋಡಲು ಬಂದರು. ಬಂದವರಿಗೆಲ್ಲ ನಾನು ಹಿಡಿಕೆ ಎಳೆದು ತೋರಿಸುವುದು. "ನೋಡ್ರಿ, ಇದು ಜನರೇಟರ್." ಟಕ್. "ಇದು ಇನ್ವರ್ಟರ್." ಪ್ರತಿ ಟಕ್ಕಿಗೂ ಮಂಚದ ಮೇಲಿದ್ದ ಆಯಿ ಎರಡೂ ಕೈ ಜೋಡಿಸಿ ಹಣೆಗೆ ಹಚ್ಚುವಳು. ಮನೆಯ ಪದ್ಧತಿಯಂತೆ ವೈನಿಯೂ ರೊಟ್ಟಿ ಬಡಿಯುವುದನ್ನು ಬಿಟ್ಟು ಕೈಮುಗಿಯುವಳು, ಹಂಚಿನ ಮೇಲಿನ ರೊಟ್ಟಿ ಸೀಯುವುದು. ನೋಡಲು ಬಂದ ಹೆಂಗಸರೂ ಕೈಮುಗಿಯುವರು. ನಾನು ಅದೆಲ್ಲ ನನ್ನ ವಿದ್ಯೆಗೇ ಎಂದು ಸ್ವಲ್ಪ ಹೊತ್ತು ಭ್ರಮಿಸಿದ್ದೂ ಉಂಟು.

ಪರೀಕ್ಷೆಗೆಂದು ಸದಲಗಾ ರಸ್ತೆಯಲ್ಲಿ ಸಂಜೆ ಗಾಡಿ ಓಡಿಸಿದೆವು. ಅಣ್ಣ ಸ್ಟೇರಿಂಗಿನಲ್ಲಿ, ನಾನು ಹಿಡಿಕೆಯಲ್ಲಿ. ಟಕ್ ಎಂದು ಎಳೆದೆ. ದೀಪ ಆರಿ ಹತ್ತಿತು. ಮುಂದಿನ ಕನ್ನಡಿಯಲ್ಲಿ ಬೆಳಕು ಮೂಡಿದ್ದೇ ತಡ, ಅಣ್ಣ ಎರಡೂ ಕೈ ಎತ್ತಿ ನಮಸ್ಕಾರ ಮಾಡಿದ. ಎತ್ತಿನ ಗಾಡಿಯಾಗಿದ್ದರೆ ಎತ್ತುಗಳು ದಾರಿ ನೋಡಿಕೊಳ್ಳುತ್ತಿದ್ದವು. ಇದು ನೇರ ಯಾರದೋ ಕಬ್ಬಿನೊಳಗೆ ನುಗ್ಗಿ ನಿಂತಿತು.

"ಯಾಕೋ ಅಣ್ಣಾ, ಕೈ ಬಿಟ್ಟಿ?" ಎಂದು ಅರಚಿದೆ.

"ದೀಪಾ ಹತ್ತಿತಲ್ಲೋ!" ಎಂದ ಅಣ್ಣ, ಇನ್ನೂ ಕೈಮುಗಿದುಕೊಂಡೇ. "ಸಣ್ಣವಿದ್ದಾಗಿಂದ ರೂಢಿ ಐತಿ. ಕೈ ತಾವ ಏಳತಾವು. ನಿನ್ನ ಕರೆಂಟ ಆರಿಸೂದ ಬಿಡು ಮೊದಲ."

ಬೇರೆ ಯಾರಾದರೂ ಆಗಿದ್ದರೆ ಅಣ್ಣನಿಗೆ ತಿಳಿಹೇಳುತ್ತಿದ್ದರು, ಇಲ್ಲವೇ ಓಡುವ ಗಾಡಿಯಲ್ಲಿ ಹಿಡಿಕೆ ಮುಟ್ಟುವುದನ್ನು ಬಿಡುತ್ತಿದ್ದರು. ನಾನು ಆಳವಾಗಿ ಆಲೋಚಿಸಿದೆ. ನಾನು ಆಳವಾಗಿ ಆಲೋಚಿಸಿದಾಗಲೆಲ್ಲ ಮನೆಯವರಿಗೆ ಖರ್ಚು ಬಂದಿದೆ. ತೊಂದರೆ ಎಲ್ಲಿದೆ? ದೀಪ ಆರಿ ಹತ್ತುವುದರಲ್ಲಿ. ಆರಬಾರದೆಂದರೆ ನಡುವಿನ ಖಾಲಿ ಹೊತ್ತು ಇರಬಾರದು. ಖಾಲಿ ಹೊತ್ತು ಇರಬಾರದೆಂದರೆ ಹಿಡಿಕೆಯೇ ಇರಬಾರದು! ಎರಡು ಎತ್ತುಗಳನ್ನು ಒಂದೇ ನೊಗಕ್ಕೆ ಕಟ್ಟುವುದಿಲ್ಲವೇ? ಹಾಗೆಯೇ ಎರಡೂ ಕರೆಂಟನ್ನು ಒಂದೇ ವೈರಿಗೆ ಕೂಡಿಸಿದರಾಯಿತು. ಒಂದು ನಿಂತರೆ ಇನ್ನೊಂದು ಎಳೆಯುತ್ತದೆ, ದೀಪ ಮಿಟುಕುವುದಿಲ್ಲ, ಅಣ್ಣ ಕೈ ಬಿಡುವುದಿಲ್ಲ. ಹೊರಡುವ ದಿನ ಬೆಳಿಗ್ಗೆ ಕೂತು ಹಿಡಿಕೆ ಕಿತ್ತೆ, ವೈರುಗಳನ್ನು ಜೋಡಿಸಿ ಟೇಪು ಸುತ್ತಿದೆ. ಇದರಿಂದಾಗಿ ಹೊರಡುವುದೂ ತಡವಾಯಿತು.

ಇನ್ವರ್ಟರಿನ ಕರೆಂಟು ಜನರೇಟರಿನ ಕರೆಂಟಿನ ಜತೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯದಿದ್ದರೆ ಒಂದು ಜಗ್ಗುವಾಗ ಇನ್ನೊಂದು ನೂಕುತ್ತದೆ, ಎರಡೂ ಹೊಡೆದಾಡಿ ಸುಟ್ಟುಕೊಳ್ಳುತ್ತವೆ. ಇದು ಅಂಚೆಯ ಪಾಠದಲ್ಲಿ ಇತ್ತಂತೆ. ನಾನು ಬಿಟ್ಟ ಪಾಠಗಳಲ್ಲಿ ಅದೂ ಒಂದು.

ಮಧ್ಯಾಹ್ನ ಇಳಿದ ಮೇಲೆ ನಾವು ನಾಲ್ವರು, ಆಯಿ, ಅಣ್ಣ, ವೈನಿ, ನಾನು, ಗಾಡಿ ಹತ್ತಿದೆವು. ಅಪ್ಪ-ಅವ್ವ ದನಕರು ನೋಡಿಕೊಂಡು ಉಳಿದರು. ಮರುದಿನ ಬೆಳಿಗ್ಗೆ ಆಯಿಯನ್ನು ಭರ್ತಿ ಮಾಡಬೇಕಿತ್ತು. ದಾರಿಯಲ್ಲಿ ಕಾಗವಾಡದ ಹತ್ತಿರ ಆಯಿಯ ತವರಿನವರ ಹೊಲದ ಬಾವಿಯಲ್ಲಿ ಹಂಡೆಗೆ ನೀರು ತುಂಬಿಕೊಂಡು, ಅಲ್ಲಿಯೇ ಅಡುಗೆ ಮಾಡಿ ಉಂಡು, ಮಿರಜಿಗೆ ಹೋಗಿ ಮಲಗುವುದು ಎಂದು ಗೊತ್ತುಮಾಡಿದ್ದೆವು. ಅಂಕಲಿ ದಾಟಿ ಕೃಷ್ಣೆಯ ಸೇತುವೆ ಮೇಲೆ ಬರುವಾಗ ಫ್ಯಾನು ಗಿರ್ರೆಂದು ತಿರುಗುತ್ತಿತ್ತು. ಆಯಿ ಸೆರಗು ಹಾರುವುದನ್ನು ಹಿಡಿದುಕೊಂಡು, "ಜಿನ್ನ್ಯಾ, ರಾಜಾ ಆಗಿ ಹುಟ್ಟಬೇಕಾಗಿತ್ತ ನೀ" ಎಂದಳು. ನನಗೂ ಹಾಗೆಯೇ ಅನ್ನಿಸುತ್ತಿತ್ತು.

ಬಾವಿ ಮುಟ್ಟಿದಾಗ ಹೊತ್ತು ಇನ್ನೂ ಎರಡಾಳು ಎತ್ತರ ಇತ್ತು. ಹೊಲದಲ್ಲಿ ಯಾರೂ ಇರಲಿಲ್ಲ. ಅಣ್ಣ ನೀರು ಸೇದಿದ, ವೈನಿ ಬಟ್ಟೆ ಕಟ್ಟಿ ಸೋಸಿದಳು, ಹಿಟ್ಟು ನಾದಲು ಕುಳಿತಳು. "ಹಚ್ಚೂ ನಿನ್ನ ಒಲಿ" ಎಂದಳು. ಒಳಗೆ ಇನ್ವರ್ಟರಿನ ಮೇಲೆ ಟ್ಯೂಬ್‌ಲೈಟು ಉರಿಯುತ್ತಿತ್ತು. ನಾನು ತೋಳು ಮಡಚಿ, ಹಿಂದೆ ಹೋಗಿ, ಜನರೇಟರಿನ ಹಗ್ಗ ಜಗ್ಗಿದೆ.

ಯಂತ್ರ ಎದ್ದಿತು. ಟ್ಯೂಬ್‌ಲೈಟು ಹಿಂದೆಂದೂ ಕಾಣದಷ್ಟು ಬೆಳ್ಳಗೆ ಬೆಳಗಿತು. ಮಂಚದ ಮೇಲಿದ್ದ ಆಯಿ "ಎಂಥಾ ಬೆಳಕೋ ಜಿನ್ನ್ಯಾ!" ಎಂದು ಕೈ ಜೋಡಿಸಿದಳು. ಆಮೇಲೆ ಫಟ್ ಎಂದಿತು. ಪೆಟ್ಟಿಗೆಯ ಮಗ್ಗುಲಿಂದ ನೀಲಿ ಹೊಗೆ ಎದ್ದಿತು, ದೀಪ ಆರಿತು, ಫ್ಯಾನು ನಿಂತಿತು, ಹೊರಗೆ ಜನರೇಟರ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಹಗ್ಗ ಜಗ್ಗಿದೆ, ಜಗ್ಗಿದೆ, ಜಗ್ಗಿದೆ. ಯಂತ್ರ ತಿರುಗಿದರೂ ಕರೆಂಟು ಬರಲಿಲ್ಲ. ಅದರೊಳಗಿಂದಲೂ ಸುಟ್ಟ ವಾಸನೆ ಬರುತ್ತಿತ್ತು. ಎರಡೂ ಕೂಡಿಯೇ ಹೋಗಿದ್ದವು.

ವೈನಿ ಹಿಟ್ಟಿನ ಕೈಯಲ್ಲಿ ಕೆಳಗಿಳಿದು ಬಂದಳು. ಸ್ಟೋದ ಮಾತು ಎತ್ತಲಿಲ್ಲ, ಅದು ಅವಳ ದೊಡ್ಡತನ. ಎತ್ತಿದ್ದರೆ ಒಂದಿಷ್ಟು ಹಗುರಾಗುತ್ತಿತ್ತು. "ಮೂರ ಕಲ್ಲ ಹುಡುಕ್ರಿ ಲಗೂನ" ಎಂದಷ್ಟೇ ಅಂದಳು.

ಕಲ್ಲು ಸಿಕ್ಕವು. ಸೌದೆ ಎಲ್ಲಿಂದ ತರುವುದು? ಕಬ್ಬಿನ ಒಣಗಿದ ಎಲೆ, ನಾವು ರವದಿ ಎನ್ನುವುದು, ಬೇಕಾದಷ್ಟು ಬಿದ್ದಿತ್ತು, ಅದರ ತುಂಬ ಇರುವೆ. ಹಾಗೆಯೇ ಉರಿಗೆ ಹಾಕಿದರೆ ಆಯಿ ಆ ರೊಟ್ಟಿ ಮುಟ್ಟುವುದಿಲ್ಲ. ಒಂದೊಂದು ಎಲೆಯನ್ನು ಜಾಡಿಸಿ, ಒಂದೊಂದು ಕಟ್ಟಿಗೆಯನ್ನು ಕಲ್ಲಿಗೆ ಮೆಲ್ಲಗೆ ತಟ್ಟಿ, ಒಳಗೆ ಜೀವ ಇಲ್ಲವೆಂದು ನೋಡಿ ವೈನಿ ನನ್ನ ಕೈಗೆ ಕೊಡುವುದು, ನಾನು ಒಲೆಗಿಟ್ಟು ಊದುವುದು. ಊರಿಗೆಲ್ಲ ಬೆಳಕು ಬಾಡಿಗೆಗೆ ಕೊಡುವ ಕರೆಂಟಿನ ಜಿನ್ನಪ್ಪ ಬಗ್ಗಿಕೊಂಡು, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತ ರವದಿ ಊದುತ್ತಿದ್ದಾನೆ. ಊದಿದರೆ ಹೊಗೆ, ಊದದಿದ್ದರೆ ಅದೂ ಇಲ್ಲ. ಅಣ್ಣ ಪಡುವಣದ ಕಡೆ ಮುಖ ಮಾಡಿ ನಿಂತು ಸೂರ್ಯನನ್ನೇ ನೋಡುತ್ತಿದ್ದ, ಅವನೊಬ್ಬ ನೋಡುತ್ತಿದ್ದರೆ ಸೂರ್ಯ ಇಳಿಯಲಿಕ್ಕಿಲ್ಲ ಎಂಬಂತೆ.

"ಹಿಟ್ಟ ಇಲ್ಲಿ ಕೊಡ್ರಿ" ಎಂದಳು ಆಯಿ. ಕೈಹಿಡಿದು ಇಳಿಸಿ ಕೂರಿಸಿದೆವು. ಕಾಣದ ಕಣ್ಣಿನಲ್ಲೇ ಬಡಿದಳು. ರೊಟ್ಟಿ ದುಂಡಗೆ, ಒಂದೂ ಬಿರುಕಿಲ್ಲದೆ ಬಂತು. ಹಂಚು ಕಾಯುವುದು ತಡ, ಹಾಕಿದ ರೊಟ್ಟಿ ಬೇಯುವುದು ತಡ. ಕಡೆಗೂ ಒಂದು ರೊಟ್ಟಿ ಉಬ್ಬಿತು. ವೈನಿ ಅದನ್ನು ತಾಟಿಗೆ ಹಾಕಿ, ಮನೆಯಿಂದ ತಂದಿದ್ದ ಶೇಂಗಾ ಚಟ್ನಿ ಇಟ್ಟು ಆಯಿಯ ಮುಂದೆ ಸರಿಸಿದಳು.

ಅಷ್ಟರಲ್ಲಿ ಅಣ್ಣ ನಮ್ಮ ಕಡೆ ತಿರುಗಿದ. ಅವನ ಮುಖ ನೋಡಿಯೇ ನಮಗೆ ತಿಳಿಯಿತು. ಕಬ್ಬಿನ ಗರಿಗಳ ಆಚೆ ಕೆಂಪು ಮಾತ್ರ ಇತ್ತು, ಸೂರ್ಯ ಇರಲಿಲ್ಲ.

ಆಯಿ ತುತ್ತು ಮುರಿದು ಕೈಯಲ್ಲಿ ಹಿಡಿದಳು. ಬಾಯಿಗೆ ಒಯ್ಯಲಿಲ್ಲ. ಮುಖವನ್ನು ನನ್ನ ಕಡೆ ತಿರುಗಿಸಿ ಕೇಳಿದಳು: "ಜಿನ್ನ್ಯಾ, ಹೊತ್ತ ಐತೇನೋ?"

ವೈನಿ ನನ್ನನ್ನು ನೋಡಿ ಜೋರಾಗಿ ತಲೆಯಾಡಿಸಿದಳು, ಐತಿ ಅನ್ನು ಎಂದು. ಅಣ್ಣ ದೂರದಿಂದಲೇ ಕೈಸನ್ನೆ ಮಾಡಿದ, ಐತಿ ಅನ್ನು. ಐತಿ ಎಂಬುದು ಎಷ್ಟು ಸಣ್ಣ ಮಾತು! ಅಂದರೆ ಆಯಿ ಉಣ್ಣುತ್ತಾಳೆ, ಮಿರಜಿಗೆ ಬರುತ್ತಾಳೆ, ಕಣ್ಣು ಬರುತ್ತವೆ. ಅನ್ನದಿದ್ದರೆ ನನ್ನ ಒಂದು ಮೂರ್ಖತನಕ್ಕೆ ಅವಳು ಉಳಿದ ಬದುಕೆಲ್ಲ ಕತ್ತಲಲ್ಲಿ ಕೂಡಬೇಕು. ಇನ್ನು ನಾನೇನು ಸತ್ಯವಂತನೇ? "ನಾಳೆ ಆಗತೈತ್ರಿ ನಿಮ್ಮ ರೇಡಿಯೋ" ಎಂದು ವರ್ಷಗಟ್ಟಲೆ ಹೇಳಿಕೊಂಡೇ ಅಂಗಡಿ ನಡೆಸಿದವನು. ಸುಳ್ಳಿಗೆಂದು ಬಾಯಿ ತೆರೆದದ್ದೂ ನಿಜ. ಆದರೆ ಆಯಿಯ ಮುಖ ಹಾಗೆಯೇ ಇತ್ತು, ನಾನು ಏನು ಹೇಳಿದರೂ ನಂಬಲು ತಯಾರಾಗಿ. ನನಗೆ ಅಳು ಬಂತು.

"ಮುಳಗೇತಿ ಆಯಿ" ಎಂದೆ.

ಆಯಿ ತುತ್ತನ್ನು ತಾಟಿಗೆ ಇಟ್ಟಳು, ಕೈ ಒರೆಸಿಕೊಂಡಳು. "ಹೌದು. ಬೆಳ್ಳಕ್ಕಿ ಸಪ್ಪಳಾ ಮಾಡಕೋತ ಗಿಡಾ ಸೇರಿ ಎಷ್ಟೊತ್ತಾತು" ಎಂದಳು.

ಅಣ್ಣ ಗಾಡಿ ಏರಿ, ಮೂತಿಯನ್ನು ಏಕಸಂಬಿಯ ಕಡೆ ತಿರುಗಿಸತೊಡಗಿದ. ನಾನು ಒಲೆಯ ಕಲ್ಲುಗಳ ನಡುವೆ ನೀರು ಸುರಿದೆ. ಆಯಿ ಇಂಜಿನ್ನಿನ ಸಪ್ಪಳಕ್ಕೆ ಕಿವಿಗೊಟ್ಟು ಕೇಳಿದಳು, "ಎತ್ತಾಗ ತಿರಗಸಾಕತ್ಯಾನ?"

"ಮನೀಕಡೆ" ಎಂದಳು ವೈನಿ. "ನೀವ ಅಂದಿದ್ರಲ್ಲಾ, ಊಟಾ ತಪ್ಪಿದ್ರ ತಿರಿಗಿ ಮನಿಗೇ ಅಂತ."

"ಅಂದಿದ್ನಿ. ಯಾಕ ಅಂದಿದ್ನಿ? ಕಾಣಲಾರದಾಕಿಗೆ ಇವರು ಏನ ತಿನ್ನಸ್ತಾರೋ, ಯಾವಾಗ ತಿನ್ನಸ್ತಾರೋ, ಐತಿ ಐತಿ ಅಂತ ಹೇಳಿ ಕತ್ತಲದಾಗ ಉಣಸ್ತಾರೋ, ಅಂತ ಹೆದರಿಕಿ ಇತ್ತ ನನಗ. ಈಗ ಇಲ್ಲ." ಅವಳು ನೆಲಕ್ಕೆ ಕೈಯೂರಿ ಎದ್ದಳು. "ಒಂದ ಹೊತ್ತ ಉಪಾಸ ನನಗೇನ ಹೊಸಾದೇನ? ನಡೀರಿ ಮಿರಜಿಗೆ."

ನಾನು ಅವಳ ಕೈಹಿಡಿದು ಗಾಡಿ ಹತ್ತಿಸುವಾಗ ಮೆಲ್ಲಗೆ ಕೇಳಿದಳು, "ನಿನ್ನ ಎರಡ ಕರೆಂಟಿನಾಗ ಒಂದರ ಉಳದೈತೇನೋ?"

"ಇಲ್ಲ ಆಯಿ."

"ಇರ್ಲಿ ಬಿಡು. ಆ ಕಟ್ಟಕಡೀ ಬೆಳಕ ಭಾಳ ಛಲೋ ಇತ್ತು" ಎಂದಳು. ಅಂದು ನಮ್ಮಲ್ಲಿ ಯಾರೂ ಉಣ್ಣಲಿಲ್ಲ.

ಮಿರಜಿಯಲ್ಲಿ ಮರುದಿನ ಬೆಳಿಗ್ಗೆ ನಾನು ಮೊದಲು ಮಾಡಿದ ಕೆಲಸ ಪೇಟೆಗೆ ಹೋಗಿ ಒಂದು ಸ್ಟೋ ತಂದದ್ದು. ಬೇವಿನ ಮರದ ಕೆಳಗೆ ನಮ್ಮ ಗಾಡಿ ನಿಂತ ಅಷ್ಟೂ ದಿನ ಅದೊಂದು ಸ್ಟೋ ಯಾವ ತಕರಾರೂ ಇಲ್ಲದೆ ಉರಿಯಿತು. ಹೊತ್ತು ಮುಳುಗುವುದರೊಳಗೆ ಊಟ ಒಂದು ಸಲವೂ ತಪ್ಪಲಿಲ್ಲ. ನನ್ನ ವೈರುಗಳೂ ವ್ಯರ್ಥವಾಗಲಿಲ್ಲ ಅನ್ನಿ. ಅಥಣಿ, ರಾಯಬಾಗ ಕಡೆಯಿಂದ ಬಂದಿದ್ದ ರೋಗಿಗಳ ಮನೆಯವರು ಅವನ್ನು ಕಿಟಕಿಯಿಂದ ಮರಕ್ಕೆ ಎಳೆದು ಕಟ್ಟಿ ಬಟ್ಟೆ ಒಣಗಿಸಿಕೊಂಡರು. "ಗಟ್ಟಿ ಅದಾವ್ರಿ ನಿಮ್ಮ ವೈರಾ" ಎಂದು ಒಬ್ಬರು ಹೊಗಳಿದರು. ಆ ಗಾಡಿಯ ಬಗ್ಗೆ ನನಗೆ ಸಿಕ್ಕ ಮೊದಲ ಪ್ರಶಂಸಾಪತ್ರ ಅದೇ.

ಪಟ್ಟಿ ಬಿಚ್ಚಿದ ದಿನ ಡಾಕ್ಟರು ಆಯಿಗೆ ದಪ್ಪ ಗಾಜಿನ ಚಾಳೀಸು ಹಾಕಿದರು. ಆಯಿ ಮೊದಲು ತನ್ನ ಅಂಗೈ ನೋಡಿಕೊಂಡಳು. ಆಮೇಲೆ ವೈನಿಯ ಗಲ್ಲ ಹಿಡಿದು "ಎಷ್ಟ ಸೊರಗೀಯ ನನ್ನವ್ವಾ" ಎಂದಳು. ಆಮೇಲೆ ನನ್ನನ್ನು ನೋಡಿದಳು, ಬಹಳ ಹೊತ್ತು ನೋಡಿದಳು. ನಾನು ಅವಳ ಕಾಲು ಮುಟ್ಟಲು ಬಗ್ಗಿದೆ.

"ಜಿನ್ನ್ಯಾ" ಎಂದಳು, "ನಿನ್ನ ತಲೀಮ್ಯಾಗಿನ ಕೂದಲಾ ಎಲ್ಲಿ ಹ್ವಾದೂವೋ?"

ಬಿಡುಗಡೆಯಾದ ಮೇಲೆ ನಾನೇ ಕೈಹಿಡಿದು ಗಾಡಿಯ ಹತ್ತಿರ ಕರೆತಂದೆ. ಅವಳಿಗೆಂದೇ ಕಟ್ಟಿದ ಮನೆ, ಅವಳು ಅದನ್ನು ಕಣ್ಣಿನಿಂದ ನೋಡಿರಲಿಲ್ಲ. ಮೆಟ್ಟಿಲ ಮೇಲೆ ನಿಂತು ಒಳಗೆ ಕಣ್ಣಾಡಿಸಿದಳು. ಚಾವಣಿಯಿಂದ ಜೋತ ವೈರು, ಟೇಪು ಸುತ್ತಿದ ಗಂಟುಗಳು, ಹಲ್ಲುಜ್ಜುವ ಪುಡಿಯ ಡಬ್ಬಿ ಕತ್ತರಿಸಿ ಮಾಡಿದ ಸ್ವಿಚ್ಚಿನ ಪೆಟ್ಟಿಗೆ, ಅವಳ ತಲೆದಿಂಬಿಗೆ ಗೇಣು ದೂರದಲ್ಲಿ ಮಗ್ಗುಲು ಸುಟ್ಟ ಇನ್ವರ್ಟರು, ಗೋಡೆಯ ಮೇಲೆ ಆಳೆತ್ತರದ ಮಸಿ. ಎಲ್ಲವನ್ನೂ ಒಂದೊಂದಾಗಿ ನೋಡಿದಳು. ಚಾಳೀಸು ತೆಗೆದು ಒರೆಸಿ ಮತ್ತೊಮ್ಮೆ ನೋಡಿದಳು.

"ನಾ ಇದರಾಗ ಮಲ್ಕೊಂಡ ಬಂದ್ನೇನು?" ಎಂದಳು.

"ಹೂಂ ಆಯಿ."

"ಬಸ್‌ಸ್ಟ್ಯಾಂಡ ಎತ್ತಾಗ ಐತಿ?"

ಎಷ್ಟು ಹೇಳಿದರೂ ಕೇಳಲಿಲ್ಲ. ಸೋಸಿದ ನೀರು ಗಾಡಿಯಲ್ಲಿ ಬರಲಿ, ತಾನು ಬಸ್ಸಿನಲ್ಲಿ ಬರುತ್ತೇನೆ ಎಂದಳು. ವೈನಿ ಅವಳ ಜತೆಗೆ ಕೆಂಪು ಬಸ್ಸು ಹತ್ತಿದಳು, ಹತ್ತುವ ಅವಸರ ನೋಡಿದರೆ ವೈನಿಗೂ ಅದೇ ಬೇಕಾಗಿತ್ತೆಂದು ಕಾಣುತ್ತಿತ್ತು. ಅಣ್ಣನೂ ನಾನೂ ಬಸ್ಸಿನ ಹೊಗೆ ಕುಡಿಯುತ್ತ ಹಿಂದೆ ಹಿಂದೆ ಗಾಡಿ ಓಡಿಸಿದೆವು. ಆಯಿ ಕಿಟಕಿಗೆ ಕುಳಿತಿದ್ದಳು. ಕಬ್ಬು, ಎಮ್ಮೆ, ಮೈಲುಗಲ್ಲು, ಹಾದಿಯಲ್ಲಿ ಹೋಗುವ ಹುಡುಗಿಯರ ಲಂಗ, ಎಲ್ಲಕ್ಕೂ ಅವಳ ತಲೆ ಹೊರಳುವುದು ನಮಗೆ ಹಿಂದಿನಿಂದ ಕಾಣುತ್ತಿತ್ತು. ಅಣ್ಣ ಒಂದು ಸಲ ಕಣ್ಣೊರೆಸಿಕೊಂಡ. ನನ್ನ ಕಣ್ಣೀರನ್ನು ನಾನು ಬಸ್ಸಿನ ಹೊಗೆಯ ಮೇಲೆ ಹಾಕಿದೆ.

ಅಂಕಲಿಯಲ್ಲಿ ಬಸ್ಸು ನಿಂತಿತು. ನಾನು ನೀರಿನ ತಂಬಿಗೆ ಹಿಡಿದು ಬಸ್ಸು ಹತ್ತಿದೆ. ಆಯಿಯ ಮಗ್ಗುಲಿಗೆ ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡಿದ್ದ ಒಬ್ಬ ಹೆಂಗಸು ಹಿಂದಿನ ಕಿಟಕಿಯಿಂದ ನಮ್ಮ ಗಾಡಿಯತ್ತ ಕೈತೋರಿಸಿ, "ಮಿರಜಿಯಿಂದ ಬೆನ್ನ ಹತ್ತೇತಲ್ರಿ ಅದು, ಯಾರ ಗಾಡ್ಯೋ ಏನೋ" ಎನ್ನುತ್ತಿದ್ದಳು. ನಾನು ಹಿಂದೆ ನಿಂತದ್ದು ಇಬ್ಬರೂ ನೋಡಲಿಲ್ಲ.

"ನಮ್ಮ ಗಾಡೀನ ಅದು" ಎಂದಳು ಆಯಿ, ಇಡೀ ಬಸ್ಸಿಗೆ ಕೇಳುವ ಹಾಗೆ. "ನನ್ನ ಮೊಮ್ಮಗಾ ನನ್ನ ಸಲುವಾಗಿ ಕಟ್ಯಾನ. ಎರಡ ಕರೆಂಟಿನ ಗಾಡಿ. ಇಡೀ ಜಿಲ್ಲಾದಾಗ ಅಂಥಾದ್ದಿಲ್ಲ. ಅದರಾಗ ಕುಂತ ಹೋಗೇ ನನಗ ಕಣ್ಣ ಬಂದಾವು."

"ಅಯ್ಯ, ಹೌದಾ?" ಎಂದಳು ಆ ಹೆಂಗಸು. "ಮತ್ತ ಅಂಥಾ ಗಾಡಿ ಬಿಟ್ಟ ನೀವ್ಯಾಕ ಬಸ್ಸಿಗಿ ಬಂದ್ರಿ?"

ಆಯಿ ಚಾಳೀಸು ಸರಿಮಾಡಿಕೊಂಡಳು.

"ಈಗ ಕಾಣಾಕತ್ತೇತಲ್ಲವಾ, ಅದಕ್ಕ."